ಧಾರೆ ಎರೆಯುವ ಮಾವನಿಗೆ ಬೆಲ್ಲದ ನೀರು

ಕಡಲ ದಂಡೆಯಲ್ಲಿ ಮದುವೆ ಮಾಡುವ ಹೊಸ ಹುಚ್ಚು ನಮ್ಮ ಬೈಂದೂರು ಕಡೆಗೂ ಬಂದಾಗಿದೆ. ಫೋಟೊದಲ್ಲಿ ಬಹಳ ಚೆಂದ. ಆದರೆ ಮೇ ತಿಂಗಳ ಬಿಸಿಲಿನಲ್ಲಿ ರೇಷ್ಮೆ ಉಟ್ಟು, ಬರಿಗಾಲಲ್ಲಿ ಮರಳ ಮೇಲೆ ನಿಂತವರನ್ನು ಒಮ್ಮೆ ಕೇಳಿ ನೋಡಿ!

ಹಟ್ಟಿಯಂಗಡಿಯ ಸರಸಮ್ಮನ ಮಗಳು ಅನಿಷಾಳ ಮದುವೆಯೂ ಹಾಗೆಯೇ, ಕಡಲ ಬದಿಯ ಒಂದು ರಿಸಾರ್ಟಿನಲ್ಲಿ ನಿಶ್ಚಯವಾಯಿತು. ಅವಳಿಗೆ ಅಪ್ಪನಿಲ್ಲ. ಧಾರೆ ಎರೆಯಬೇಕಾದವರು ಸೋದರಮಾವ ಮಂಜಯ್ಯ. ಅವರದು ಮುಂಬೈಯಲ್ಲಿ ಹೋಟೆಲು. ತಂಗಿಯ ಗಂಡ ತೀರಿಹೋದಾಗ, "ಈ ಹೆಣ್ಣಿನ ಧಾರೆ ನಾನೇ ಎರೂದ್" ಎಂದು ಮಾತು ಕೊಟ್ಟಿದ್ದರು. ಆ ಒಂದು ಗಳಿಗೆಗಾಗಿ ಕಾದು ಕೂತ ಜೀವ ಅದು.

ಮದುವೆಯ ಮುನ್ನಾದಿನ ಮಂಜಯ್ಯ ರೈಲಿನಿಂದ ಇಳಿದು ತಂಗಿಯ ಮನೆಗೆ ಬಂದಾಗ ಅಂಗಳದಲ್ಲಿ ಸುಗುಣಕ್ಕ ಸಿಕ್ಕಿದರು. ಪಕ್ಕದ ಮನೆಯವರು, ನರ್ಸ್ ಆಗಿ ನಿವೃತ್ತರಾದವರು. ಮಂಜಯ್ಯನಿಗೆ ಸಕ್ಕರೆ ಕಾಯಿಲೆ ಇರುವ ಸುದ್ದಿ ಅವರಿಗೆ ಮೊದಲೇ ಗೊತ್ತು.

"ಹ್ವಾಯ್ ಮಂಜಯ್ಯಣ್ಣ, ಗುಳ್ಗಿ ತಂದಿರ್ಯಾ?"

"ಪೆಟ್ಟಿಗೆಯೊಳ್ಗೆ ಇತ್ತ್ ಮಾರಾಯ್ತಿ. ಪೆಟ್ಟಿಗೆ ಉಡುಗೊರೆ ಸಾಮಾನಿನ ಒಟ್ಟಿಗೆ ಸ್ಟೇಶನಿಂದ್ಲೇ ರಿಸಾರ್ಟಿಗೆ ಹೋಯ್ತ್."

"ಲಾಯ್ಕಾಯ್ತ್! ಗುಳ್ಗಿ ಕೈಚೀಲದೊಳ್ಗೆ ಇರ್ಕ್, ಪೆಟ್ಟಿಗೆಯೊಳ್ಗಲ್ಲ. ಅದಿರ್ಲಿ, ನಾಳೆ ಬೆಳಿಗ್ಗೆ ಎಂತ ತಿಂತ್ರಿ?"

"ತಿಂಬುದಾ? ಧಾರೆ ಎರೂ ತನಕ ಹನಿ ನೀರೂ ಮುಟ್ಟುದಿಲ್ಲ. ನಮ್ಮ ಅಪ್ಪಯ್ಯನೂ ಹಾಂಗೇ ಮಾಡದ್ದ್."

"ನಿಮ್ಮ ಅಪ್ಪಯ್ಯಂಗೆ ಸಕ್ಕರೆ ಕಾಯಿಲೆ ಇತ್ತಾ? ಅವ್ರ್ ಕಡ್ಲ ಬದಿ ಬಿಸ್ಲಗೆ ಮದಿ ಮಾಡ್ಸಿರಾ?"

ಮಂಜಯ್ಯ ನಕ್ಕರು. "ನಾ ಇಲ್ಲೇ ಹುಟ್ಟದ್ದಲ್ದಾ? ಈ ಬಿಸ್ಲ್ ನಂಗೆಂತ ಮಾಡತ್ತ್?"

"ಇಲ್ಲೇ ಹುಟ್ಟದ್ದ್ ಹೌದ್. ಆಮೇಲೆ ಅಷ್ಟ್ ವರ್ಷ ಫ್ಯಾನಿನ ಅಡಿ ಕೂತದ್ದೂ ಹೌದ್. ನಿಮ್ಮ ಡಾಕ್ಟ್ರಿಗೆ ಈಗ್ಲೇ ಫೋನ್ ಮಾಡಿ ಕೇಣಿ. ಉಪವಾಸ ಮಾಡ್ಲಕ್ಕಾ, ಗುಳ್ಗಿ ಹ್ಯಾಂಗೆ ಅಂತ."

"ಆಯ್ತ್ ಆಯ್ತ್," ಎಂದರು ಮಂಜಯ್ಯ. ಫೋನ್ ಮಾತ್ರ ಮಾಡಲಿಲ್ಲ.

ಮರುದಿನ ರಿಸಾರ್ಟಿನಲ್ಲಿ ಪೆಟ್ಟಿಗೆ ಸಿಕ್ಕಿತು. ಗುಳಿಗೆಯೇನು ಊಟವೇ, ಅದನ್ನು ತೆಗೆದುಕೊಂಡರೆ ಉಪವಾಸ ಕೆಡುತ್ತದೆಯೇ ಎಂದು ತಾವೇ ತೀರ್ಮಾನಿಸಿ, ತೀರ್ಥದಷ್ಟು ನೀರಿನಲ್ಲಿ ನುಂಗಿದರು. ಹೊಟ್ಟೆಗೆ ಬೇರೇನೂ ಇಲ್ಲ. ಸಕ್ಕರೆ ಇಳಿಸುವ ಗುಳಿಗೆ ತನ್ನ ಕೆಲಸ ಮಾಡದೆ ಬಿಡುತ್ತದೆಯೇ?

ಮಂಟಪ ಬಯಲಿನಲ್ಲಿತ್ತು. ಫೋಟೊದವರಿಗೆ ಎಷ್ಟು ತೆಗೆದರೂ ತೃಪ್ತಿಯಿಲ್ಲ. ಬಿಸಿಲು ನೆತ್ತಿಗೇರುತ್ತಿತ್ತು. ಧಾರೆಗೆ ಇನ್ನೂ ಹೊತ್ತಿರುವಾಗಲೇ ಮಂಜಯ್ಯನ ಮೈಯೆಲ್ಲ ಬೆವರಿ, ಕೈ ನಡುಗತೊಡಗಿತು. ಮಾತು ತೊದಲಿತು.

"ಪಾಪ, ಹೆಣ್ಣ್ ಕಳ್ಸೂ ಸಂಕ್ಟ," ಎಂದರು ಯಾರೋ.

"ಸಂಕ್ಟ ಅಲ್ಲ, ಸಕ್ಕರೆ ಇಳ್ದದ್ದ್!" ಎನ್ನುತ್ತ ಸುಗುಣಕ್ಕ ಓಡಿ ಬಂದರು. ಬಂದವರಿಗೆ ಕೊಡಲು ಇಟ್ಟಿದ್ದ ಬೆಲ್ಲವನ್ನೇ ನೀರಿನಲ್ಲಿ ಕದಡಿ ಲೋಟ ಹಿಡಿದರು. ಮಂಜಯ್ಯ ಮುಖ ತಿರುಗಿಸಿದರು. "ಧಾರೆ... ಆಗ್ಲಿ..."

"ಮೈ ಹುಷಾರಿಲ್ದಾಗ ಕುಡ್ರೆ ಎಂತ ದೋಷವೂ ಇಲ್ಲ. ಕುಡೀನಿ," ಎಂದರು ಭಟ್ಟರು. ಊಹೂಂ, ಹಟ ಇಳಿಯಲಿಲ್ಲ.

ಆಗ ಅನಿಷಾ ಹಸೆಯಿಂದ ಎದ್ದು ಬಂದು ಲೋಟವನ್ನು ತನ್ನ ಕೈಗೆ ತೆಗೆದುಕೊಂಡಳು.

"ಮಾವ, ನೀವ್ ಇದ್ನ ಕುಡೂ ತನಕ ನಾ ಧಾರೆಗೆ ಕೈ ಒಡ್ಡುದಿಲ್ಲ. ಒಬ್ಬ ಅಪ್ಪಯ್ಯನ್ನ ಕಳ್ಕಂಡದ್ದ್ ಸಾಕ್ ನಂಗೆ."

ಮಂಜಯ್ಯ ಅವಳ ಮುಖ ನೋಡಿದರು. ಲೋಟ ಬರಿದಾಯಿತು.

ಅವರನ್ನು ಗಾಳಿಮರದ ನೆರಳಿಗೆ ಕರೆದೊಯ್ದು ಗಾಳಿ ಹಾಕಿದರು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಬೆಲ್ಲ ಎಬ್ಬಿಸಿ ಕೂರಿಸುತ್ತದೆ, ಆದರೆ ಮತ್ತೆ ಇಳಿಯದಂತೆ ತಡೆಯಲು ತಿಂಡಿ ಬೇಕು ಎಂದು ಸುಗುಣಕ್ಕ ಇಡ್ಲಿಯನ್ನೂ ತಿನ್ನಿಸಿದರು. ಅಷ್ಟರಲ್ಲಿ ಹುಡುಗನ ಕಡೆಯವರು ಮಂಟಪದ ಮೇಲೆ ಶಾಮಿಯಾನ ಎಳೆದು, ಮರಳಿಗೆ ಚಾಪೆ ಹಾಸಿದರು.

ಮುಹೂರ್ತಕ್ಕೆ ಸರಿಯಾಗಿ ಧಾರೆ ನಡೆಯಿತು. ಗಿಂಡಿ ಹಿಡಿದ ಕೈ ನಡುಗಲಿಲ್ಲ. ಕಣ್ಣು ತುಂಬಿತ್ತು. ಈ ಸಲ ಅದು ನಿಜವಾಗಿಯೂ ಹೆಣ್ಣು ಕಳಿಸುವ ಸಂಕಟವೇ.

ಊಟವಾದ ಮೇಲೆ ಮಂಜಯ್ಯ ಡಾಕ್ಟರಿಗೆ ಫೋನ್ ಮಾಡಿ ಚೆನ್ನಾಗಿ ಬೈಸಿಕೊಂಡರು. "ಸುಗುಣ, ನಿನ್ನೆಯೇ ನಿನ್ ಮಾತ್ ಕೇಣ್ಕಿತ್ತ್," ಎಂದು ಎಲ್ಲರೆದುರೇ ಹೇಳಿದರು.

ಕಡಲ ದಂಡೆಯ ಮದುವೆಗೆ ಹೊರಟ ನೆಂಟರೇ, ಗುಳಿಗೆ ನಿಮ್ಮ ಕೈಚೀಲದಲ್ಲೇ ಇರಲಿ. ಸಕ್ಕರೆ, ಬಿಪಿ ಇದ್ದವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ; ಉಪವಾಸವನ್ನೂ ಗುಳಿಗೆಯನ್ನೂ ನಿಮ್ಮಷ್ಟಕ್ಕೇ ನಿರ್ಧರಿಸಬೇಡಿ. ತೆಳು ಹತ್ತಿ ಬಟ್ಟೆ, ಕೊಡೆ, ಚಪ್ಪಲಿ, ಕುಡಿಯುವ ನೀರು ಜೊತೆಗಿರಲಿ. ಮಳೆಗಾಲ ಹತ್ತಿರವಾದಾಗ ಅಲೆ ನಂಬಿ ನೀರಿಗಿಳಿಯಬೇಡಿ, ಊರಿನ ಮೀನುಗಾರರು ಬೇಡ ಎಂದರೆ ಬೇಡವೇ. ಯಾರಾದರೂ ಬೆವರಿ, ನಡುಗಿ, ತೊದಲಿದರೆ ನೆರಳಿಗೆ ಕರೆತನ್ನಿ. ಸಕ್ಕರೆ ಕಾಯಿಲೆಯವರು ಎಚ್ಚರವಿದ್ದರೆ ಸಿಹಿ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ.

ಹಸಿದು ಬಿದ್ದ ಮಾವ ಯಾವ ಮದುಮಗಳಿಗೂ ಬೇಡ. ಉಂಡು ಗಟ್ಟಿಯಾಗಿ ನಿಂತು ಧಾರೆ ಎರೆಯುವ ಮಾವನೇ ಬೇಕು.