ಹೊಡೆದು ಹಾಕಿದ ಸಾಲುಗಳು

"ಹೊರಗಿನವರ ಮುಂದೆ ನಿನ್ನ ಭಾವನನ್ನ ಯಾವತ್ತೂ ಬಿಟ್ಟುಕೊಡಲ್ಲ ಅಂತ ಮಾತು ಕೊಡು" ಎಂದು ಹನ್ನೆರಡು ವರ್ಷದ ಹಿಂದೆ ಅಕ್ಕ ಕೇಳಿದ್ದಳು. ತಂಗಿಗೆ ಆಗ ಕೆಲಸವಿರಲಿಲ್ಲ, ಕಂಕುಳಲ್ಲಿ ಮಗುವಿತ್ತು. ಭಾವ ತನ್ನ ಕಚೇರಿಯಲ್ಲಿ ಒಂದು ಕುರ್ಚಿ ತೋರಿಸಿದ್ದ. ಅವಳು ಹಿಂದೆಮುಂದೆ ನೋಡದೆ ಮಾತು ಕೊಟ್ಟಿದ್ದಳು.

ಈಗ ಅದೇ ಭಾವ ಮೇಜಿನಾಚೆ ಕೂತು, ಆಸ್ಪತ್ರೆಯಿಂದ ಬಂದಿದ್ದ ಹಿರಿಯ ನರ್ಸಿಗೆ ಅವಳನ್ನು ಬೆರಳು ಮಾಡಿ ತೋರಿಸುತ್ತಿದ್ದ.

"ಬರೆಯೋಳು ಇವಳೇ ಸಿಸ್ಟರ್. ಹೆಂಡತಿ ತಂಗಿ ಅಂತ ಇಟ್ಕೊಂಡಿದೀನಿ. ಏನ್ಮಾಡ್ಲಿ ಹೇಳಿ."

ನರ್ಸ್ ನಗಲಿಲ್ಲ. "ಒಂಬತ್ತು ಜನ ಡಯಾಲಿಸಿಸ್ ಪಾಳಿ ಕಳ್ಕೊಂಡ್ರು. ಸ್ವಲ್ಪ ತಡವಾಗಿ ಬರ್ತೀವಿ ಅಂದಿದ್ದಕ್ಕೆ ನಿಮ್ಮ ಏಜೆಂಟು ಪಾಳಿನೇ ಅಳಿಸಿ ಹಾಕಿದೆ. ಒಬ್ಬರು ಮೂರು ದಿನ ಕಾದು, ಉಸಿರು ಕಟ್ಟಿ ಐಸಿಯು ಸೇರಿದ್ದಾರೆ. ಬರೆದೋರು ಇನ್ಮೇಲೆ ಯಾವ ಆಸ್ಪತ್ರೆ ಕೆಲಸಾನೂ ಮುಟ್ಟದ ಹಾಗೆ ನಾನು ನೋಡ್ಕೋತೀನಿ."

ಆಸ್ಪತ್ರೆಗೆ ಬರುವ ರೋಗಿಗಳ ಸಂದೇಶ ಓದಿ ಉತ್ತರಿಸುತ್ತಿದ್ದುದು ಭಾವನ ಕಚೇರಿ ಮಾಡಿಕೊಟ್ಟ ಎಐ ಏಜೆಂಟ್ ಎಂಬ ತಂತ್ರಾಂಶ. ಅದಕ್ಕೆ ಕೈಕಾಲಿಲ್ಲ. ಏನು ಮಾಡಬೇಕಾದರೂ ಒಂದು ಟೂಲನ್ನು ಎತ್ತಿಕೊಳ್ಳಬೇಕು: ಪಾಳಿ ಬದಲಿಸಲು ಒಂದು, ಅಳಿಸಲು ಇನ್ನೊಂದು. ಯಾವುದು ಯಾವುದಕ್ಕೆ ಎಂದು ಅದಕ್ಕೆ ತಿಳಿಯುವುದು ಜೊತೆಗಿರುವ ವಿವರಣೆಯಿಂದ ಮಾತ್ರ. ಆ ವಿವರಣೆ ಬರೆಯುವುದೇ ಅವಳ ಕೆಲಸ. ಬರೆದದ್ದನ್ನು ಅವಳು ಸೀದಾ ಏಜೆಂಟಿಗೆ ಕೊಡುತ್ತಿರಲಿಲ್ಲ. ನೆಲ ಒರೆಸಲು ಬರುವ ಹೆಂಗಸನ್ನು ಕೂರಿಸಿ, ಎರಡು ಚೀಟಿ ಮುಂದಿಟ್ಟು, ರೋಗಿ ಹೀಗೆ ಹೇಳಿದರೆ ಯಾವುದು ಎತ್ಕೋತೀಯ ಎಂದು ಕೇಳುವಳು. ಆಕೆ ತಡವರಿಸಿದರೆ ಮತ್ತೆ ಬರೆಯುವಳು. ಭಾವ ಇದಕ್ಕೆ 'ಪೊರಕೆ ಪರೀಕ್ಷೆ' ಎಂದು ಹೆಸರಿಟ್ಟು ಕಚೇರಿಯನ್ನೆಲ್ಲ ನಗಿಸಿದ್ದ.

ಅಳಿಸುವ ಟೂಲಿಗೆ ಅವಳು ಐದು ಸಾಲು ಬರೆದಿದ್ದಳು. ರೋಗಿ ಪಾಳಿಯೇ ಬೇಡ ಎಂದಾಗ ಮಾತ್ರ ಇದು. ತಡವಾಗುತ್ತದೆ ಎಂದರೆ ಇದನ್ನು ಮುಟ್ಟಬೇಡ. ಅಳಿಸಿದ ಪಾಳಿ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ. ವಾಪಸ್ ಬರುವುದಿಲ್ಲ. ಅನುಮಾನವಿದ್ದರೆ ರೋಗಿಯನ್ನೇ ಕೇಳು.

"ಯಂತ್ರಕ್ಕೆ ಪುರಾಣ ಹೇಳ್ತಾ ಕೂತಿದೀಯಲ್ಲ ಮಹರಾಯ್ತಿ! ಅದು ನಿನಗಿಂತ ಬುದ್ಧಿವಂತ" ಎಂದು ಭಾವ ಐದನ್ನೂ ಹೊಡೆದು ಹಾಕಿ ತನ್ನದೊಂದು ಸಾಲು ಕೂರಿಸಿದ್ದ. ಬದಲಿಸುವ ಟೂಲಿನದ್ದನ್ನೂ ಹಾಗೇ ಮೊಟಕು ಮಾಡಿದ್ದ.

ಈಗ ಅವಳು ಭಾವನ ಆ ಎರಡು ಸಾಲುಗಳನ್ನು ಎರಡು ಚೀಟಿಯಲ್ಲಿ ಬರೆದು ನರ್ಸಿನ ಮುಂದೆ ಇಟ್ಟಳು.

"ಸಿಸ್ಟರ್, ರೋಗಿ ಹೇಳ್ತಾರೆ, ಹತ್ತು ಗಂಟೆಗೆ ಆಗಲ್ಲ, ಇವತ್ತೇ ನಾಲ್ಕಕ್ಕೆ ಬರ್ತೀನಿ ಅಂತ. ಯಾವುದು ಎತ್ಕೋತೀರಿ?"

"ಸಿಸ್ಟರಿಗೂ ಪೊರಕೆ ಕೊಟ್ಯಾ?" ಭಾವ ಗದರಿದ. "ಮಾನ ಇದೆಯೇನೇ ನಿನಗೆ?"

ನರ್ಸ್ ಕನ್ನಡಕ ಏರಿಸಿ ಓದಿದಳು. ಒಂದರಲ್ಲಿ 'ಪಾಳಿಯನ್ನು ಬೇರೆ ದಿನಕ್ಕೆ ಒಯ್ಯುತ್ತದೆ' ಎಂದಿತ್ತು. ಇನ್ನೊಂದರಲ್ಲಿ 'ಸಮಯ ಹೊಂದದಿದ್ದಾಗ ಪಾಳಿಯನ್ನು ತೆರವು ಮಾಡುತ್ತದೆ' ಎಂದಿತ್ತು. ಬೇರೆ ದಿನ ಅಲ್ಲವಲ್ಲ ಎಂದು ಗೊಣಗಿ ಎರಡನೆಯದನ್ನು ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

"ಇದೇ ತಾನೆ ಅಳಿಸೋದು?"

"ಹೌದು."

"ಇಷ್ಟು ವರ್ಷ ಇದೇ ಕೆಲಸ ಮಾಡಿದ ನಾನೇ ಎತ್ತಿಬಿಟ್ಟೆ." ಆಕೆಯ ದನಿ ಗಡುಸಾಯಿತು. "ಇದನ್ನ ಬರೆದ ಪುಣ್ಯಾತ್ಮರು ಯಾರು?"

ಭಾವ ಫೋನ್ ಎತ್ತಿ ಮನೆಗೆ ಹಚ್ಚಿದ, ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟ. "ನೋಡೇ, ನಿನ್ನ ತಂಗಿ ನನ್ನ ಬಗ್ಗೆ ಏನೋ ಹೇಳೋಳಿದಾಳೆ. ನೀನೂ ಕೇಳಿಸ್ಕೋ."

ನಲ್ಲಿ ಸುರಿಯುವ ಸದ್ದು. ಅದರ ಮೇಲೆ ಅಕ್ಕನ ದನಿ: "ಏನೇ? ಏನಾಯ್ತೇ?"

ಅಂದು ಅಕ್ಕನಿಗೆ ಕೊಟ್ಟ ಮಾತು ಭಾವನಿಗೂ ಗೊತ್ತಿತ್ತು. ಅವನು ಕುರ್ಚಿಗೊರಗಿ, ಗೆದ್ದವನ ಹಾಗೆ ಕಾಲು ಅಲ್ಲಾಡಿಸುತ್ತಿದ್ದ. ತಂಗಿ ಕಂಪ್ಯೂಟರಿನಲ್ಲಿ ಹಳೆಯ ಪ್ರತಿ ತೆರೆದು ಪರದೆಯನ್ನು ನರ್ಸಿನ ಕಡೆ ತಿರುಗಿಸಿದಳು.

"ಈ ಐದು ಸಾಲು ನಂದು. ಚೀಟಿಯಲ್ಲಿರೋದು ಭಾವಂದು. ಬೇಡ ಅಂತ ಎರಡು ಸಲ ಹೇಳಿದೆ. ಕೇಳಲಿಲ್ಲ."

ಭಾವನ ಕಾಲು ನಿಂತಿತು. ಫೋನಿನಲ್ಲಿ ನಲ್ಲಿಯ ಸದ್ದೂ ನಿಂತಿತು. ನರ್ಸ್ ಪೆನ್ನು ತೆಗೆದು ಬರೆದುಕೊಳ್ಳತೊಡಗಿದಳು.

ಅಕ್ಕನಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.