ಜೇಡಿಮಣ್ಣಿನ ಅಲೆ

ಮಾವನ ಬಾಯಿಂದ ಹೊಗಳಿಕೆ ಉದುರುವುದೇ ಅಪರೂಪ. ಉದುರಿದರೂ ಈಚೆಗೆ ಅದೆಲ್ಲ ಕಿರಿಸೊಸೆಯ ಪಾಲಿಗೇ. ಎಣ್ಣೆ, ನೀರು ತುಂಬಿಡುವ ದೊಡ್ಡ ಟ್ಯಾಂಕುಗಳನ್ನು ಕಟ್ಟುವ ಮನೆಮಂದಿಯ ಕಂಪನಿ ಅದು. ನಕ್ಷೆಯ ಕೆಲಸ ಹಿರಿಸೊಸೆಯದು. ಮಣ್ಣಿನ ಪರೀಕ್ಷೆ ಮೊನ್ನೆ ಮೊನ್ನೆ ಬಂದ ಓರಗಿತ್ತಿಯದು. "ಚಿಕ್ಕವಳನ್ನ ಒಂದು ಮಾತು ಕೇಳ್ಬಿಡು" ಎಂದು ಮಾವ ಅಂದಾಗಲೆಲ್ಲ ಹಿರಿಯಳ ಹೊಟ್ಟೆ ಉರಿಯುತ್ತಿತ್ತು. ವರ್ಷಗಟ್ಟಲೆ ತಾನು ಜೀವ ತೇದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಬೂಟಿಗೆ ಕೆಸರು ಮೆತ್ತಿಕೊಂಡು ಬಂದವಳು ಮಾತ್ರ ಎಲ್ಲರಿಗೂ ಬಂಗಾರ!

ಹೊಸ ಟ್ಯಾಂಕಿನ ಪುಟ್ಟ ಮಾದರಿ ನೀರು ತುಂಬಿಕೊಂಡು ಪರೀಕ್ಷೆಯ ಮೇಜಿನ ಮೇಲೆ ಕೂತಿತ್ತು. ಭೂಕಂಪದಲ್ಲಿ ನೆಲ ಅಲುಗುವಂತೆ ಅಲುಗುವ ಮೇಜು ಅದು. ಕಂಪನಿ ಈವರೆಗೆ ಕಟ್ಟಿದ್ದೆಲ್ಲ ಬಂಡೆಯ ಮೇಲೆ. ಹಾಗಾಗಿ ಹಿರಿಯಳು ರೂಢಿಯಂತೆ ಬಂಡೆನೆಲದ ಚುರುಕು ಅದುರಾಟವನ್ನೇ ಕೊಟ್ಟು ನೋಡಿದ್ದಳು. ನೀರು ಅಷ್ಟೇನೂ ಮಿಸುಕಿರಲಿಲ್ಲ.

"ಅಕ್ಕಾ, ಈ ಸಲದ ಜಾಗ ಬರೀ ಜೇಡಿಮಣ್ಣು," ಎಂದಳು ಓರಗಿತ್ತಿ ಮೆಲ್ಲಗೆ. "ಮೆತ್ತನೆ ನೆಲ ನಿಧಾನಕ್ಕೆ ತೂಗುತ್ತೆ. ಟ್ಯಾಂಕಿನ ನೀರೂ ನಿಧಾನಕ್ಕೇ ತೂಗೋದು. ಎರಡೂ ಜೊತೆಯಾದ್ರೆ ಅಲೆ ಎದ್ದು ಮುಚ್ಚಳಕ್ಕೆ ಹೊಡೆಯುತ್ತೆ. ಒಂದ್ಸಲ ನೋಡೋಣ್ವಾ?"

"ನನಗೇ ಪಾಠ ಹೇಳ್ತೀಯಾ? ಮಾವ ಬರ್ಲಿ. ಅವರೆದುರೇ ನಿನ್ನ ಜೇಡಿಮಣ್ಣಿನ ಆಟ ತೋರಿಸ್ತೀನಿ. ಆಮೇಲೆ ಬಾಯಿ ಮುಚ್ಕೊಂಡಿರು."

ಮಾವ ಬಂದರು. ಇವತ್ತು ಇವಳ ಮುಖ ಇಂಗು ತಿಂದ ಮಂಗನ ಹಾಗಾಗಬೇಕು ಎಂದುಕೊಳ್ಳುತ್ತಲೇ ಹಿರಿಯಳು ಮೇಜನ್ನು ಮೆತ್ತನೆ ನೆಲದ ನಿಧಾನ ತೂಗಾಟಕ್ಕೆ ಹೊಂದಿಸಿ ಗುಂಡಿ ಒತ್ತಿದಳು. ಮೇಜು ತೊಟ್ಟಿಲಿನಂತೆ ತೂಗಿತು. ನೀರು ಒಮ್ಮೆ ವಾಲಿತು, ಮರುಬಾರಿ ಇನ್ನಷ್ಟು ಏರಿತು, ಆಮೇಲೆ ಮುಚ್ಚಳವನ್ನೇ ಎತ್ತಿ ಎಸೆದು ಮಾವನ ಮುಖಕ್ಕೆ ರಾಚಿತು.

"ಏನಿದು?" ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

ಹಿರಿಯಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಓರಗಿತ್ತಿ ಬಾಯಿ ತೆರೆದಳು. ಇನ್ನು ತನ್ನ ಕಥೆ ಮುಗಿಯಿತು ಎಂದುಕೊಂಡಳು ಹಿರಿಯಳು.

"ಅಕ್ಕ ಅನುಮಾನಪಟ್ಟಿದ್ದೇ ಸರಿ, ಮಾವ. ಜೇಡಿಮಣ್ಣಲ್ಲಿ ಹೀಗಾಗ್ಬಹುದು, ನಿಮ್ಮೆದುರೇ ನೋಡೋಣ ಅಂದ್ರು. ಕಟ್ಟೋ ಮುಂಚೆ ಗೊತ್ತಾಯ್ತಲ್ಲ."

"ಭೇಷ್! ಹಿರಿಸೊಸೆ ಅಂದ್ರೆ ಹೀಗಿರ್ಬೇಕು," ಎಂದರು ಮಾವ.

ಇಷ್ಟು ವರ್ಷ ಹಂಬಲಿಸಿದ ಮಾತು. ಸುಳ್ಳಿನ ಮೇಲೆ ಬಂದದ್ದೆಂದು ಗೊತ್ತಿದ್ದೂ ಹಿರಿಯಳು ಅದನ್ನು ತನ್ನದಾಗಿಸಿಕೊಂಡಳು. ಓರಗಿತ್ತಿ ಆಗಲೇ ಕುಕ್ಕರುಗಾಲಲ್ಲಿ ಕೂತು ನೆಲ ಒರೆಸುತ್ತಿದ್ದಳು. ಇವಳು ಮಾವನೆದುರು ತನ್ನ ಮಾನ ಕಳೆದಿದ್ದರೆ ಇವಳನ್ನು ನೆಮ್ಮದಿಯಾಗಿ ದ್ವೇಷಿಸಿಕೊಂಡಾದರೂ ಇರಬಹುದಿತ್ತು. ಹಾಳಾದವಳು ಒಳ್ಳೆಯತನದಲ್ಲೂ ತನ್ನನ್ನು ಮೀರಿಸಿಬಿಟ್ಟಳಲ್ಲ ಎಂದು ಹಲ್ಲು ಕಚ್ಚಿಕೊಂಡು, ಹಿರಿಯಳು ಒರೆಸಲು ಇನ್ನೊಂದು ಬಟ್ಟೆ ಹುಡುಕಿದಳು.