ಎಪ್ಪತ್ತೆರಡು ಗಂಟೆಯ ಪರೀಕ್ಷೆ

ತಮ್ಮ ತೀರಿಕೊಂಡ ಸುದ್ದಿ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಬಂತು. ಕೆಲಸಕ್ಕೆ ಹೊರಟವನು ಬಸ್ಸಿನಲ್ಲಿ ಕುಳಿತಲ್ಲೇ ಕಣ್ಣು ಮುಚ್ಚಿದ್ದ. ಅವನ ಹೆಂಡತಿ ಫೋನಿನಲ್ಲಿ ಅಳಲಿಲ್ಲ. "ಭಾವ, ಅವರದೊಂದು ಒಳ್ಳೇ ಫೋಟೋ ಬೇಕು. ಆಫೀಸ್ ಕಂಪ್ಯೂಟರಲ್ಲಿದೆ. ನೀವೇ ತಂದುಬಿಡಿ" ಎಂದಳು.

ತಮ್ಮನೂ ನಾನೂ ಒಂದೇ ಕಡೆ ಕೆಲಸ ಮಾಡುವವರು. ರೈಲು ಚಾಲಕರ ತರಬೇತಿಗೆ ಸಿಮ್ಯುಲೇಟರ್ ಕಟ್ಟುವುದು ನಮ್ಮ ಕಸುಬು. ಹಳಿಯಿಲ್ಲ, ಗಾಡಿಯಿಲ್ಲ, ಚಾಲಕನ ಕೋಣೆ ಮಾತ್ರ. ಕಲಿಯುವವನು ಬ್ರೇಕ್ ಹಾಕಿದರೆ ಕಂಪ್ಯೂಟರು ಸೆಕೆಂಡಿಗೆ ನೂರು ಸಲ ಲೆಕ್ಕ ಹಾಕಿ ಆ ಕೋಣೆಯನ್ನು ಅಲುಗಿಸಬೇಕು. ಒಂದು ಲೆಕ್ಕ ತಡವಾದರೂ ಕೋಣೆ ಜಗ್ಗುತ್ತದೆ, ಕೈ ತಪ್ಪು ಕಲಿಯುತ್ತದೆ. ಇದಕ್ಕೆ ವೇಳೆ ತಪ್ಪದ ವಿಶೇಷ ಆಪರೇಟಿಂಗ್ ಸಿಸ್ಟಂ ಬೇಕೇ ಬೇಕು ಎಂಬುದು ನನ್ನ ವಾದ. ಎಲ್ಲರ ಮನೆಯಲ್ಲಿರುವ ಸಾಮಾನ್ಯ ಸಿಸ್ಟಂ ಸಾಕು, ಬೇಡದ್ದನ್ನು ನಿಲ್ಲಿಸಿದರಾಯಿತು ಎಂಬುದು ಅವನದು. ಆರು ವರ್ಷ ಹಾವು ಮುಂಗುಸಿಯಂತೆ ಕಾದಾಡಿದೆವು. "ನಿನ್ನ ಕಂಪ್ಯೂಟರು ಸನ್ಯಾಸಿ, ನನ್ನದು ಸಂಸಾರಿ. ಸಂಸಾರಿಗೂ ಹೊತ್ತು ಗೊತ್ತು ಕಣಣ್ಣ" ಎಂದು ಎಲ್ಲರೆದುರು ಛೇಡಿಸುತ್ತಿದ್ದ.

ಕೊನೆಗೆ ವ್ಯವಸ್ಥಾಪಕರು ಅವನ ಸಿಸ್ಟಂಗೆ ಎಪ್ಪತ್ತೆರಡು ಗಂಟೆಯ ಪರೀಕ್ಷೆ ಇಟ್ಟರು. ಒಂದು ಲೆಕ್ಕ ತಡವಾದರೂ ಅವನ ಆರು ವರ್ಷದ ಕೆಲಸ ಮೂಲೆಗುಂಪು. ತಾನು ದಿನವೂ ಬಳಸುವ ಕಂಪ್ಯೂಟರಿನ ಮೇಲೆಯೇ ಪರೀಕ್ಷೆ ನಡೆಯಲಿ ಎಂದು ಅವನು ಹಟ ಹಿಡಿದ. ಸೋಮವಾರ ಶುರುವಾಯಿತು.

ಮಂಗಳವಾರ ನಾನು ಅವನ ಕೋಣೆಗೆ ಹೋದೆ. "ಮುಟ್ಟಬೇಡಿ" ಎಂಬ ಚೀಟಿ ಬಾಗಿಲ ಮೇಲಿತ್ತು. ಓದಿದೆ, ತಲೆಗೆ ಹೋಗಲಿಲ್ಲ. ಪೆನ್‌ಡ್ರೈವ್ ಹಾಕಿ, ಫೋಟೋಗಳನ್ನು ಒಂದೊಂದಾಗಿ ತೆರೆದು, ನಗುತ್ತಿದ್ದ ಒಂದನ್ನು ಆರಿಸಿ ತಂದೆ.

ಅಂತ್ಯಕ್ರಿಯೆ ಮುಗಿದ ಮೇಲೆ ಶುಕ್ರವಾರ ಫಲಿತಾಂಶ ನೋಡಿದೆವು. ಎರಡೂವರೆ ಕೋಟಿಗೂ ಮಿಕ್ಕಿದ ಲೆಕ್ಕಗಳಲ್ಲಿ ತಡವಾದದ್ದು ಒಂದೇ. ಮಂಗಳವಾರ, ಹತ್ತು ಗಂಟೆ ನಲವತ್ತು ನಿಮಿಷ. ನಾನು ಫೋಟೋ ತೆರೆಯುತ್ತಿದ್ದ ಹೊತ್ತು ಅದೇ. ನಡೆದದ್ದನ್ನು ಹೇಳಿದೆ.

ಪರೀಕ್ಷೆಯ ಹೊಣೆ ಹೊತ್ತಿದ್ದ ಎಂಜಿನಿಯರ್ ಬಾಗಿಲು ಮುಂದೆ ಮಾಡಿ ಬಂದಳು. "ಆ ಒಂದು ಗಂಟೆ ಬಿಟ್ಟು ಬರೀತೀನಿ ಸರ್. ಅವರದೇನೂ ತಪ್ಪಿಲ್ವಲ್ಲ."

"ಆ ಯಂತ್ರದ್ದೂ ತಪ್ಪಿಲ್ಲ. ಯಾರು ಕರೆದ್ರೂ ಓ ಅನ್ನೋದು ಅದರ ಸ್ವಭಾವ. ನಾನು ಕರೆದೆ, ಓ ಅಂತು. ಇದ್ದ ಹಾಗೇ ಬರಿಯಮ್ಮ."

ವರದಿ ಹಾಗೆಯೇ ಹೋಯಿತು. ಮುಟ್ಟುವವರು ನಾಳೆಯೂ ಇರುತ್ತಾರೆ ಎಂದರು ವ್ಯವಸ್ಥಾಪಕರು. ಅಲುಗುವ ಕೋಣೆಗೆ ವಿಶೇಷ ಸಿಸ್ಟಂ. ತರಗತಿಯಲ್ಲಿ ಪರದೆ ನೋಡಿ ಕಲಿಯುವ ಯಂತ್ರಗಳಿಗೆ ಮಾತ್ರ ತಮ್ಮನದು. ನನ್ನ ವಾದ ಗೆದ್ದಿತು. ಊಟ ಸೇರಲಿಲ್ಲ.

ಅವನ ಹೆಂಡತಿಗೆ ಎಲ್ಲವನ್ನೂ ತಿಳಿಸಿದೆ. "ಫೋಟೋ ಕೇಳಿದ್ದು ನಾನಲ್ವಾ ಭಾವ" ಎಂದಳು.

ದೇವರೇ, ಅವನು ವಾದದಲ್ಲಿ ಹಟಮಾರಿ, ಮನಸ್ಸಿನಲ್ಲಿ ಕಲ್ಮಷವಿಲ್ಲದವನು. ನನ್ನ ತಪ್ಪಿನ ಭಾರ ಅವನ ಮೇಲೆ ಬೀಳದಿರಲಿ. ದುಡಿದು ದಣಿದ ಆ ಜೀವವನ್ನು ನಿನ್ನ ಬಳಿ ಇರಿಸಿಕೊ, ಶಾಂತಿ ಕೊಡು.